ಫೃಗಾಲಿಗೆ ಬರೆದ ಚೀಟಿ

ಬೇಕರಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಅಕ್ಷರ ಚೆಂದ ಇದ್ದದ್ದಕ್ಕೆ. ಜರ್ಮನ್ ಆಗ ಅಷ್ಟಕ್ಕಷ್ಟೆ. ವೋಲ್ಫ್ಸ್‌ಬುರ್ಗ್‌ಗೆ ಬಂದು ಎರಡು ವರ್ಷವಾಗಿತ್ತು. ಗಂಡನಿಗೆ ಕಾಲುವೆಯಾಚೆಯ ಕಾರು ಕಾರ್ಖಾನೆಯಲ್ಲಿ ಕೆಲಸ, ಮಗಳು ಶಾಲೆಗೆ ಹೋಗುತ್ತಿದ್ದಳು. ಧಾರವಾಡದ ಕಾಲೇಜೊಂದರಲ್ಲಿ ಐದು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ್ದ ನಾನು, ನನ್ನ ಪದವಿಯ ಕಾಗದಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡುವುದನ್ನು ಕಾಯುತ್ತ ಮನೆಯಲ್ಲಿ ಕೂತಿದ್ದೆ. ಒಂದು ದಿನ ಕೂರಲಾಗದೆ ಎದ್ದು, ನಮ್ಮ ಬೀದಿಯ ತುದಿಯ ಬೇಕರಿಗೆ ಹೋಗಿ ಅರ್ಧ ದಿನದ ಕೆಲಸ ಕೊಡುತ್ತೀರಾ ಎಂದು ಕೇಳಿದೆ. ಮಾಲೀಕರು ಒಂದು ಅರ್ಜಿ ಕೊಟ್ಟರು. ತುಂಬಿ ಕೊಟ್ಟೆ. ಅದನ್ನು ಓದುವ ಬದಲು ದೂರ ಹಿಡಿದು ನೋಡಿ, "ಇಷ್ಟು ದುಂಡಗೆ ಬರೀತೀಯಾ? ಹಾಗಾದರೆ ಶಿಲ್ಡ್ ಎಲ್ಲ ಇನ್ನು ಮೇಲೆ ನಿನ್ನದೇ" ಎಂದರು.

ಶಿಲ್ಡ್ ಎಂದರೆ ಗಾಜಿನ ಕಪಾಟಿನಲ್ಲಿ ಪ್ರತಿ ತಿನಿಸಿನ ಮುಂದೆ ನಿಲ್ಲಿಸುವ ಪುಟ್ಟ ಚೀಟಿ. ಮೇಲೆ ಹೆಸರು, ಕೆಳಗೆ ಅದರಲ್ಲಿ ಏನೇನಿದೆ ಎಂಬುದು. ದಿನವೂ ಏಳೆಂಟು ಬರೆಯುತ್ತಿದ್ದೆ. ಬರೆಯುತ್ತ ಬರೆಯುತ್ತಲೇ ನನ್ನ ಜರ್ಮನ್ ಸುಧಾರಿಸಿತು.

ಹಿಂದಿನ ಭಟ್ಟಿಮನೆಯಲ್ಲಿ ಹಿಟ್ಟು ನಾದುತ್ತಿದ್ದವರು ಒಬ್ಬ ಚೆಕ್ ಹೆಂಗಸು. ಅರವತ್ತು ದಾಟಿತ್ತು, ಮೊಣಕೈವರೆಗೂ ಗಟ್ಟಿಮುಟ್ಟಾದ ತೋಳು. ಗಂಡನ ಕೆಲಸದ ಹಿಂದೆ ಈ ಊರಿಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಒಬ್ಬನೇ ಮಗ ಡ್ರೆಸ್ಡೆನ್‌ನಲ್ಲಿ. ಮಾತು ಕಡಿಮೆ. ನನ್ನನ್ನು ಮೊದಲ ದಿನವೇ ನೀನು ಎಂದರು, ನನಗೂ ಹಾಗೇ ಅನ್ನು ಎಂದರು. ಜರ್ಮನ್‌ನಲ್ಲಿ ಹಾಗೇ ಅನ್ನುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಅವರು ನನಗೆ ಇವತ್ತಿಗೂ ಅವರೇ.

ಒಂದು ನವೆಂಬರಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೋದಾಗ ಅವರ ಮೇಜಿನ ಮೇಲೆ ಬಟ್ಟೆ ಮುಚ್ಚಿದ ಏನೋ ಇತ್ತು. ಬಟ್ಟೆ ಸರಿಸಿದರು. ನಮ್ಮ ಕಡೆಯ ಜೋಳದ ರೊಟ್ಟಿಯಷ್ಟು ಅಗಲ, ಅದಕ್ಕಿಂತ ತುಸು ದಪ್ಪ. ಮೇಲೆಲ್ಲ ಅಂಚಿನವರೆಗೂ ಕಡುಕಂದು ಬಣ್ಣದ ಹೂರಣ ಸವರಿತ್ತು, ಅದರ ಮೇಲೆ ಬೆಣ್ಣೆ, ಹಿಟ್ಟು, ಸಕ್ಕರೆ ಉಜ್ಜಿ ಮಾಡಿದ ಪುಡಿ.

"ಅಮ್ಮ ಹೋಗಿ ಇವತ್ತಿಗೆ ಒಂದು ವರ್ಷ," ಎಂದರು. "ಅವಳು ಮಾಡುತ್ತಿದ್ದದ್ದು. ಒಣಗಿಸಿದ ಪಿಯರ್ ಹಣ್ಣು. ಕೊನೆಯಲ್ಲಿ ಬೆಣ್ಣೆ ಜೊತೆ ರಮ್ ಸವರುತ್ತೀವಿ. ನಿನ್ನ ತುಂಡಿಗೆ ಸವರಿಲ್ಲ."

ನಾನು ಕುಡಿಯುವುದಿಲ್ಲ ಎಂದು ಯಾವಾಗಲೋ ಒಮ್ಮೆ ಹೇಳಿದ್ದನ್ನು ನೆನಪಿಟ್ಟಿದ್ದರು. ಬಾಯಿಗಿಟ್ಟೆ. ಹಣ್ಣಿನ ಸಿಹಿಯ ಹಿಂದೆ ಹೊಗೆಯ ವಾಸನೆ, ಅದರ ಹಿಂದೆ ಸೋಂಪು. ಊಟವಾದ ಮೇಲೆ ಅಪ್ಪ ಅಂಗೈಗೆ ಹಾಕುತ್ತಿದ್ದ ಸೋಂಪು ನೆನಪಾಗಿ, ಅಂಗೈಗೆ ಉದುರಿದ ಪುಡಿಯನ್ನೂ ಬಾಯಿಗೆ ಹಾಕಿಕೊಂಡೆ. ಅವರು ಅದನ್ನು ನೋಡಿ ಇನ್ನೊಂದು ತುಂಡು ಕತ್ತರಿಸಿದರು.

ಮಾಲೀಕರೂ ತಿಂದರು. ಅವರಿಗೆ ತಕ್ಷಣ ವ್ಯಾಪಾರ ಹೊಳೆಯಿತು. ಕಾರ್ಖಾನೆಗೆ ಚೆಕ್ ದೇಶದಿಂದ ಇಂಜಿನಿಯರುಗಳು ಬಂದುಹೋಗುತ್ತಿದ್ದರು. "ಪ್ರತಿ ಶುಕ್ರವಾರ ಮಾಡೋಣ," ಎಂದು ನನ್ನ ಕಡೆ ತಿರುಗಿ, "ಬೊಹೀಮಿಯಾದ ಕೊಲಾಚ್ ಅಂತ ಬರಿ" ಎಂದರು. ಹೂರಣ ಸವರಿದ ದುಂಡು ಬನ್ನಿಗೆ ಜರ್ಮನರಿಗೆ ಗೊತ್ತಿರುವ ಹೆಸರು ಅದು. ಗಡಿಯಾಚೆಯ ಹಿಟ್ಟಿನ ಸಿಹಿತಿಂಡಿ ಯಾವುದಾದರೂ ಅವರಿಗೆ ಬೊಹೀಮಿಯಾದ್ದೇ.

ಆ ಶುಕ್ರವಾರ ಚೆಂದವಾಗಿ ಬರೆದು ನಿಲ್ಲಿಸಿದೆ. ಅವರು ಹಿಂದಿನಿಂದ ತಟ್ಟೆ ತಂದವರು ಚೀಟಿ ಓದಿದರು, ಅದನ್ನು ಬೋರಲು ಹಾಕಿದರು, ತಂದ ತಟ್ಟೆಯನ್ನು ಹಾಗೇ ಒಳಗೆ ಒಯ್ದರು.

ಮಾಲೀಕರು ಹಿಂದೆಯೇ ಹೋದರು. "ಏನಾಯ್ತು?"

"ಬೊಹೀಮಿಯಾ ನಮ್ಮದಲ್ಲ. ಅದು ಪ್ರಾಗ್ ಕಡೆ. ನಾನು ಮೊರಾವಿಯಾದವಳು. ಅದರಲ್ಲೂ ಪೂರ್ವದ ಬೆಟ್ಟದ ಸೀಮೆ, ವಲಾಶ್‌ಸ್ಕೊ. ಇದು ಆ ಸೀಮೆ ಬಿಟ್ಟು ಬೇರೆಲ್ಲೂ ಇಲ್ಲ."

"ಕೊಳ್ಳುವವರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ?"

"ಗೊತ್ತಾಗದಿದ್ದರೆ ಕೇಳಲಿ. ಕೇಳದೆ ಇರೋ ಹಾಗೆ ನೀವೇ ತಪ್ಪು ಹೆಸರು ಬರೆದು ಇಟ್ಟರೆ?"

ಅವರ ದನಿ ಅಷ್ಟು ಏರಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಾನು ಕೌಂಟರಿನ ಹಿಂದೆ ನಿಂತು ತಲೆ ತಗ್ಗಿಸಿದೆ. ಬರೆದವಳು ನಾನು ಎಂಬುದು ಒಂದು ಕಾರಣ. ಇನ್ನೊಂದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ನನ್ನೂರು ಅಮೀನಗಡ. ಬಾಗಲಕೋಟೆಯಿಂದ ರಾಯಚೂರಿನ ಕಡೆ ಹೋಗುವ ಬಸ್ಸುಗಳು ನಿಲ್ಲುವ ಊರು. ಬಸ್ಸು ನಿಂತ ಕೂಡಲೇ ಜನ ಇಳಿದು ಕರದಂಟಿನ ಅಂಗಡಿಗೆ ನುಗ್ಗುತ್ತಾರೆ. ನಮ್ಮಪ್ಪನ ಟೇಲರ್ ಅಂಗಡಿ ಅದರ ಎದುರಿಗೇ. ಶಾಲೆ ಬಿಟ್ಟ ಮೇಲೆ ಅಪ್ಪನ ಮಷೀನಿನ ಪಕ್ಕ ಕೂತು, ಎದುರುಗಡೆ ತುಪ್ಪದಲ್ಲಿ ಅಂಟು ಅರಳುವ ವಾಸನೆ ಕುಡಿಯುತ್ತ ನಾನು ಬೆಳೆದವಳು. ಬೆಂಗಳೂರಿಗೆ ಓದಲು ಹೋದಾಗ ಅಮ್ಮ ಡಬ್ಬಿ ತುಂಬ ಕರದಂಟು ಕಟ್ಟಿ ಕೊಡುತ್ತಿದ್ದಳು. ಹಾಸ್ಟೆಲಿನ ಗೆಳತಿಯರು ಡಬ್ಬಿ ನೋಡಿದ ಕೂಡಲೇ, "ಹೇ, ಗೋಕಾಕ್ ಕರದಂಟು!" ಎಂದು ಮುತ್ತುತ್ತಿದ್ದರು. ಗೋಕಾಕದ್ದು ಬೇರೆ, ನಮ್ಮದು ಬೇರೆ, ಬೆಲ್ಲದ ಪಾಕ ಬೇರೆ, ಅಂಟಿನ ಹದ ಬೇರೆ. ಐದು ವರ್ಷದಲ್ಲಿ ಒಂದು ಸಲವೂ ನಾನದನ್ನು ಹೇಳಲಿಲ್ಲ. ಹೌದು, ಗೋಕಾಕದ್ದೇ, ತಗೊಳ್ಳಿ ಎನ್ನುತ್ತಿದ್ದೆ. ಅಮೀನಗಡ ಎಲ್ಲಿದೆ ಎಂದು ವಿವರಿಸುವ ಕಷ್ಟವೇ ಬೇಡ ಅನಿಸುತ್ತಿತ್ತು.

ಅಂಗಡಿ ಖಾಲಿಯಾದಾಗ ಹೊಸ ಚೀಟಿ ಹಿಡಿದು ಭಟ್ಟಿಮನೆಗೆ ಹೋದೆ. "ಏನಂತ ಬರೀಲಿ, ನೀವೇ ಹೇಳಿ."

ಅವರು ಹೇಳಿದರು. ನನಗೆ ಕೇಳಿಸಿದ್ದು ಫರ್‌ಗಾಲ್. ನಾನು ಅಂದಾಗ ತಲೆ ಅಲ್ಲಾಡಿಸಿದರು. "ನಡುವೆ ಸ್ವರ ಸೇರಿಸಬೇಡ. ಸ್ವರ ಇಲ್ಲ ಅಲ್ಲಿ. ನಾಲಿಗೆ ಮಾತ್ರ." ಮತ್ತೆ ಅಂದರು. ಆಗ ಹೊಳೆಯಿತು. ನನ್ನ ಚೀಟಿಯ ಹಿಂಬದಿಗೆ ಕನ್ನಡದಲ್ಲಿ ಫೃಗಾಲ್ ಎಂದು ಬರೆದು ತೋರಿಸಿದೆ. "ನಮ್ಮಲ್ಲಿ ಇದಕ್ಕೆ ಅಕ್ಷರ ಇದೆ. ಕೆಳಗೆ ಈ ಸುರುಳಿ ಇದೆಯಲ್ಲ, ಅದೇ." ಅವರು ಹಿಟ್ಟಿನ ಬೆರಳಿನಿಂದ ಆ ಸುರುಳಿಯನ್ನು ತೋರಿಸುತ್ತ ನಕ್ಕರು. "ಜರ್ಮನರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಇದೆಯಾ!"

ಅವತ್ತು ಕೆಲಸ ಮುಗಿದ ಮೇಲೆ ಕಾಲುವೆಯ ದಂಡೆಯಲ್ಲಿ ಜೊತೆಗೆ ನಡೆದೆವು. ಆ ಹೆಸರಿನ ಕಥೆ ಅಲ್ಲಿ ಹೇಳಿದರು.

"ನನ್ನ ಅಜ್ಜಿ ಆ ಮಾತನ್ನ ಮನೆಯೊಳಗೆ ಆಡೋಕೆ ಬಿಡ್ತಾ ಇರಲಿಲ್ಲ. ಫೃಗಾಲ್ ಅಂದರೆ ಬೈಗುಳ. ಹಿಟ್ಟು ಉಬ್ಬದೆ, ಒರಟಾಗಿ, ಕೆಟ್ಟುಹೋದ ರೊಟ್ಟಿಗೆ ಹಾಗನ್ನೋರು. ಹೊರಗಿನವರು ನಮ್ಮ ಬೆಟ್ಟದ ಹೆಂಗಸರ ರೊಟ್ಟಿಗೇ ಹಾಗಂತ ನಗ್ತಾ ಇದ್ದರಂತೆ. ಮನೆಯಲ್ಲಿ ನಾವು ಬರೀ ಕೊಲಾಚ್ ಅಂತಿದ್ದೆವು. ಆಮೇಲೆ ಯಾವಾಗ ತಿರುಗಿತೋ ಗೊತ್ತಿಲ್ಲ. ಅಮ್ಮನ ಕಾಲಕ್ಕೆ ಎಲ್ಲರೂ ಎದೆ ತಟ್ಟಿ ಹೇಳೋರು, ನಮ್ಮದು ಕೊಲಾಚ್ ಅಲ್ಲ, ಫೃಗಾಲ್ ಅಂತ."

"ಬೈಗುಳವನ್ನೇ ಹೆಸರು ಮಾಡಿಕೊಂಡರಾ?"

"ಬೈದವರಿಗೆ ಬೇರೆ ಏನು ಮಾಡೋದು?" ಎಂದರು. ಸ್ವಲ್ಪ ದೂರ ನಡೆದ ಮೇಲೆ, ತಾಯಿಯ ಮನೆ ಮಾರಿಹೋಯಿತು, ಹಿತ್ತಲಿನಲ್ಲಿ ಪಿಯರ್ ಒಣಗಿಸುವ ಗೂಡು ಇತ್ತು, ಕೊಂಡವರು ಅದನ್ನು ಕೆಡವಿದರಂತೆ ಎಂದು ಹೇಳಿದರು. ಕಾಲುವೆಯ ಮೇಲೆ ಒಂದು ಸರಕಿನ ದೋಣಿ ಹೋಗುತ್ತಿತ್ತು. ಅದು ಸೇತುವೆ ದಾಟುವವರೆಗೂ ಇಬ್ಬರೂ ನಿಂತು ನೋಡಿದೆವು.

ಮುಂದಿನ ಶುಕ್ರವಾರದಿಂದ ವಲಾಶ್‌ಸ್ಕೊ ಸೀಮೆಯ ಫೃಗಾಲ್ ಎಂದು ಅವರ ಭಾಷೆಯಲ್ಲೇ ಬರೆದ ಚೀಟಿ ಕಪಾಟಿನಲ್ಲಿ ನಿಂತಿತು. ಮಾಲೀಕರು ಭುಜ ಹಾರಿಸಿ ಒಪ್ಪಿದ್ದರು. ಜರ್ಮನ್ ಗಿರಾಕಿಗಳು ಓದಲಾರದೆ, "ಅದು, ಆ ಪಿಜ್ಜಾ ಥರದ್ದು" ಎಂದು ಬೆರಳು ತೋರಿಸಿ ಕೊಳ್ಳುತ್ತಿದ್ದರು. ಅವರ ಹಿಂದೆ ಚೆಕ್ ಇಂಜಿನಿಯರುಗಳೂ ಬರತೊಡಗಿದರು.

ಒಂದು ದಿನ ಇಬ್ಬರು ಬಂದರು. ಒಬ್ಬ ಪ್ರಾಗ್ ಕಡೆಯವನು, ಇನ್ನೊಬ್ಬ ಮೊರಾವಿಯಾದ ಬಯಲುಸೀಮೆಯವನು. ಮೊದಲನೆಯವನು ನೋಡಿ ಕೊಲಾಚ್ ಎಂದ. ಎರಡನೆಯವನು ನಮ್ಮಲ್ಲಿ ಹೂರಣ ಇಟ್ಟು ಬೇಯಿಸಿದ್ದಕ್ಕೆ ವ್ದೊಲೆಕ್ ಅನ್ನುತ್ತಾರೆ ಎಂದ. ಮೊದಲನೆಯವನಿಗೆ ನಗು. ಅವನ ಕಡೆ ವ್ದೊಲೆಕ್ ಎಂದರೆ ಕಾವಲಿಯ ಮೇಲೆ ಮಾಡುವ ಪುಟ್ಟ ಬಿಲ್ಲೆ, ಮೇಲೆ ಜಾಮ್ ಸವರುತ್ತಾರೆ. ಇಬ್ಬರೂ ನನಗೂ ತಿಳಿಯಲಿ ಎಂದು ನಡುನಡುವೆ ಜರ್ಮನ್ ಸೇರಿಸಿ ವಾದಕ್ಕೆ ನಿಂತರು. ಸಾಲು ಬಾಗಿಲವರೆಗೆ ಬೆಳೆಯಿತು. ಒಳಗಿನಿಂದ ಅವರು ಬಂದರು, ಕೈ ತುಂಬ ಹಿಟ್ಟು, ತಮ್ಮ ಭಾಷೆಯಲ್ಲಿ ಒಂದೇ ಒಂದು ಮಾತು ಅಂದರು. ಇಬ್ಬರೂ ಶಾಲೆಯ ಮಕ್ಕಳ ಹಾಗೆ ಸುಮ್ಮನಾಗಿ ಎರಡೆರಡು ತುಂಡು ಕಟ್ಟಿಸಿಕೊಂಡು ಹೋದರು.

"ಏನಂದಿರಿ?" ಎಂದು ಕೇಳಿದೆ.

"ತಿನ್ನೋಕೆ ಬಂದಿದ್ದೀರೋ, ಹೆಸರಿಡೋಕೆ ಬಂದಿದ್ದೀರೋ ಅಂತ ಕೇಳಿದೆ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಹೆಸರಿಡುವುದು ಎಂದರೆ ಕುಂದು ಹುಡುಕುವುದು ಎಂದೂ ಅರ್ಥ ಇದೆ ಎಂದು ಹೇಳಿದೆ. ಅವರೂ ಕೌಂಟರಿಗೆ ಆತು ನಿಂತು ನಕ್ಕರು. ಆ ಚಳಿಗಾಲದಲ್ಲಿ ಅವರು ಅಷ್ಟು ನಕ್ಕದ್ದು ಅದೇ ಒಂದು ದಿನ.

ವಸಂತ ಬಂತು. ತಿಂಡಿತಿನಿಸಿನ ತಪಾಸಣೆಯ ಇಲಾಖೆಯಲ್ಲಿದ್ದು ನಿವೃತ್ತರಾದ ಒಬ್ಬ ಗಿರಾಕಿ, ಬಹಳ ಸಭ್ಯ ಮನುಷ್ಯ, ಚೀಟಿಯನ್ನು ಓದಿ ಮಾಲೀಕರ ಜೊತೆ ಮೆಲ್ಲಗೆ ಮಾತಾಡಿ ಹೋದರು. ಮಧ್ಯಾಹ್ನ ಮಾಲೀಕರು ನಮ್ಮಿಬ್ಬರನ್ನೂ ಕರೆದರು. ಅವರ ಮುಖದಲ್ಲಿ ಸಂಕಟ ಇತ್ತು. ಆ ಹೆಸರಿಗೆ ಯುರೋಪಿನ ಕಾನೂನಿನ ರಕ್ಷಣೆ ಇದೆಯಂತೆ. ಆ ಸೀಮೆಯೊಳಗೆ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಬೇರೆಡೆ ಮಾಡಿ ಆ ಹೆಸರಿನಲ್ಲಿ ಮಾರುವ ಹಾಗಿಲ್ಲ.

"ನಾನು ಅಲ್ಲಿಯವಳು," ಎಂದರು ಅವರು.

"ನೀನು ಅಲ್ಲಿಯವಳೇ. ಆದರೆ ಇದು ಬೆಂದಿರೋದು ನನ್ನ ಭಟ್ಟಿಯಲ್ಲಿ."

"ಅಮ್ಮನ ಕೈಯಿಂದ ಕಲಿತದ್ದು."

"ನನಗೆ ಗೊತ್ತು. ಕಾನೂನಿಗೆ ಗೊತ್ತಿಲ್ಲ."

ಅವರು ಮಾಲೀಕರ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನಾನು ಏನಾದರೂ ದಾರಿ ಹುಡುಕಬೇಕೆಂದು, "ಸೀಮೆಯ ಹೆಸರು ತೆಗೆದು ಬರೀ ಫೃಗಾಲ್ ಅಂತ ಬರೆದರೆ?" ಎಂದೆ. ಮಾಲೀಕರು ಯೋಚಿಸಿ, ಅದನ್ನು ವಿಚಾರಿಸಿ ನೋಡಬಹುದು ಎಂದರು.

"ಬೇಡ," ಎಂದರು ಅವರು. "ಸೀಮೆ ತೆಗೆದುಬಿಟ್ಟರೆ ಉಳಿಯೋದು ಕೆಟ್ಟುಹೋದ ರೊಟ್ಟಿ ಅನ್ನೋ ಅರ್ಥ ಅಷ್ಟೇ. ಪಿಯರ್ ಹಣ್ಣಿನ ಕೇಕ್ ಅಂತ ಬರಿ."

ನಾನು ಕೌಂಟರಿನ ಮೇಲೆ ಚೀಟಿ ಇಟ್ಟುಕೊಂಡೆ. ಅವರು ಪಕ್ಕದಲ್ಲೇ ನಿಂತು ಒಂದೊಂದು ಅಕ್ಷರ ಮೂಡುವುದನ್ನೂ ನೋಡಿದರು. ಬರೆದು ಮುಗಿದ ಮೇಲೆ, "ಚೆನ್ನಾಗಿ ಬರೆದಿದ್ದೀಯ" ಎಂದು ಒಳಗೆ ಹೋದರು. ಶುಕ್ರವಾರದ ಫೃಗಾಲ್ ಮೊದಲಿಗಿಂತ ಹೆಚ್ಚೇ ಹೋಗತೊಡಗಿತು. ಪಿಯರ್ ಹಣ್ಣಿನ ಕೇಕ್ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಜೂನ್‌ನಲ್ಲಿ ಮಗಳ ಶಾಲೆಯಲ್ಲಿ ಬೇಸಿಗೆಯ ಹಬ್ಬ. ಪ್ರತಿ ಮನೆಯಿಂದ ಏನಾದರೂ ಮಾಡಿ ತರಬೇಕು. ನಾನು ಕರದಂಟು ಮಾಡುತ್ತೇನೆ ಎಂದೆ. ಗಂಡ ನನ್ನ ಮುಖ ನೋಡಿದರು.

"ಅಂಟು ಎಲ್ಲಿಂದ ತರ್ತೀ?"

"ಹ್ಯಾನೋವರ್‌ನ ಇಂಡಿಯನ್ ಅಂಗಡ್ಯಾಗ ಸಿಗತೈತಂತ್ರಿ."

"ಬಿಸ್ಕೀಟ್ ಪಾಕೀಟ್ ಕೊಟ್ ಕಳಿಸಿದ್ರ ಆಗಂಗಿಲ್ಲೇನು?"

"ಆಗಂಗಿಲ್ಲ."

ಶನಿವಾರ ರೈಲು ಹತ್ತಿ ಹೋಗಿ ತಂದೆ. ಭಾನುವಾರ ಮಧ್ಯಾಹ್ನ ಅವರನ್ನು ಮನೆಗೆ ಕರೆದೆ. ಇಷ್ಟು ದಿನ ನಾನು ಅವರ ಫೃಗಾಲ್ ತಿಂದಿದ್ದೆ. ಅವರು ತಮ್ಮ ದಪ್ಪ ತಳದ ದೊಡ್ಡ ಪಾತ್ರೆಯನ್ನೂ ಎತ್ತಿಕೊಂಡು ಬಂದರು. ತುಪ್ಪಕ್ಕೆ ಬಿದ್ದ ಅಂಟಿನ ಹರಳುಗಳು ಪಟಪಟ ಅರಳಿ ಬೆಳ್ಳಗಾದಾಗ ಹತ್ತಿರ ಬಗ್ಗಿ ನೋಡಿದರು. ಗಿಡದ ಅಂಟು ಎಂದೆ, ನಂಬಲಿಲ್ಲ. ಉತ್ತತ್ತಿ ಬೀಜ ತೆಗೆದು ಹೆಚ್ಚಿ ಕೊಟ್ಟರು, ಕೊಬ್ಬರಿ ತುರಿದರು. ಬೆಲ್ಲ ಪಾಕಕ್ಕೆ ಬರುವ ಹೊತ್ತಿಗೆ ಅಡಿಗೆಮನೆಯೆಲ್ಲ ನಮ್ಮೂರಿನ ಬಸ್‌ಸ್ಟ್ಯಾಂಡ್ ಆಗಿತ್ತು. ನಾನು ಕಲಕುವುದನ್ನು ನಿಲ್ಲಿಸಿ ಒಂದು ಗಳಿಗೆ ಹಾಗೇ ನಿಂತೆ. ಅವರು ಸೌಟು ತೆಗೆದುಕೊಂಡು ತಾವೇ ಕಲಕಿದರು.

"ಇದರ ಹೆಸರೇನು?"

"ಅಮೀನಗಡದ ಕರದಂಟು." ಜೀವಮಾನದಲ್ಲಿ ಮೊದಲ ಸಲ ಊರಿನ ಹೆಸರು ಸೇರಿಸಿ ಹೇಳಿದ್ದೆ. ಅವರು ಎರಡು ಸಲ ಅಂದು ನೋಡಿ, ಮೂರನೆಯ ಸಲಕ್ಕೆ ಸರಿಯಾಗಿ ಅಂದರು.

ಆ ವಾರದ ಕೊನೆಗೆ ಹಬ್ಬದ ದಿನ ಶಾಲೆಯ ಅಂಗಳದಲ್ಲಿ ಉದ್ದಕ್ಕೆ ಮೇಜುಗಳು. ಪ್ರತಿ ತಟ್ಟೆಯ ಮುಂದೆ ಮಕ್ಕಳೇ ಬರೆದ ಚೀಟಿ. ನಮ್ಮ ತಟ್ಟೆಯ ಮುಂದೆ ಮಗಳು ಹಸಿರು ಪೆನ್ನಿನಲ್ಲಿ, ಇಂಡಿಯಾದ ನುಸ್‌ರೀಗಲ್ ಎಂದು ಬರೆದಿದ್ದಳು. ಇಲ್ಲಿ ಅಂಗಡಿಯಲ್ಲಿ ಕಾಗದ ಸುತ್ತಿ ಮಾರುವ ಬಾದಾಮಿ ಗೋಡಂಬಿಯ ಪಟ್ಟಿಗೆ ಆ ಹೆಸರು. ಅಕ್ಷರ ನನ್ನಂತೆಯೇ ದುಂಡಗೆ ಇತ್ತು.

"ಕರದಂಟು ಅಂತ ಯಾಕ ಬರೀಲಿಲ್ಲವ್ವಾ?" ಎಂದೆ.

ಅವಳು ಜರ್ಮನ್‌ನಲ್ಲಿ ಉತ್ತರ ಕೊಟ್ಟಳು. "ಹಾಗೆ ಬರೆದರೆ ಯಾರೂ ತಿನ್ನಲ್ಲ ಮಮ್ಮಿ. ನೋಡು, ಈಗ ಎಲ್ಲ ಖಾಲಿ."

ನಿಜ, ತಟ್ಟೆ ಖಾಲಿಯಾಗಿತ್ತು. ಅವಳ ಮುಖದಲ್ಲಿ ಅಷ್ಟು ಸಂತೋಷ ಇತ್ತು. ಖಾಲಿ ತಟ್ಟೆ ಎತ್ತಿ ಚೀಲಕ್ಕೆ ಹಾಕಿಕೊಂಡೆ. ಹಾಸ್ಟೆಲಿನಲ್ಲಿ ನಾನೇ ಮಾಡಿದ್ದನ್ನು ಅವಳು ಮಾಡಿದ್ದಳು. ಅವಳಿಗಾದರೆ ಎಂಟು ವರ್ಷ.

ಸೋಮವಾರ ಭಟ್ಟಿಮನೆಯಲ್ಲಿ ಇದನ್ನು ಹೇಳಿದೆ. ಅವರು ನಾದುತ್ತಿದ್ದ ಹಿಟ್ಟನ್ನು ಬಿಟ್ಟು ಕೈ ಒರೆಸಿಕೊಂಡರು.

"ನನ್ನ ಮಗ ಚಿಕ್ಕವನಿದ್ದಾಗ ಗೆಳೆಯರನ್ನ ಕರ್ಕೊಂಡು ಬಂದು, ಇದು ನಮ್ಮಮ್ಮನ ಪಿಜ್ಜಾ ಅಂದಿದ್ದ. ಅವರ ಎದುರಿಗೇ ಅವನ ಕೆನ್ನೆಗೆ ಹೊಡೆದೆ. ಅವತ್ತಿಂದ ಅವನು ಅದನ್ನ ಮುಟ್ಟಿಲ್ಲ. ಈಗಲೂ ಮುಟ್ಟಲ್ಲ." ಮತ್ತೆ ಹಿಟ್ಟಿಗೆ ಕೈ ಹಾಕಿದರು. "ನೀನು ಏನೂ ಅನ್ನಲಿಲ್ಲ ತಾನೆ?"

"ಇಲ್ಲ."

"ಒಳ್ಳೇದು ಮಾಡಿದೆ. ತಿಂದಳಾ ಅವಳು?"

"ಮೂರು ತಿಂದಳು."

"ಮತ್ತೇನು ಬೇಕು ನಿನಗೆ?" ಎಂದರು. ಮಾತು ಗಡುಸಾಗಿತ್ತು. ಕಣ್ಣು ಹಾಗಿರಲಿಲ್ಲ.

ಆ ಬೇಸಿಗೆಯಲ್ಲೇ ಅವರು ತೀರ್ಮಾನ ಮಾಡಿದ್ದಿರಬೇಕು. ಸೆಪ್ಟೆಂಬರಿನಲ್ಲಿ ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆ ಎಂದರು. ತಂಗಿ ಅಲ್ಲೇ ಇದ್ದಾಳೆ, ಅವಳ ಮನೆಯ ಮೇಲಿನ ಕೋಣೆ ಖಾಲಿ ಇದೆ. ಹೊರಡುವ ಮುಂಚಿನ ಶುಕ್ರವಾರ ಎಂದಿನ ಹಾಗೆ ಭಟ್ಟಿ ತುಂಬ ಬೇಯಿಸಿದರು. ನನಗೆ ಒಂದು ಇಡೀ ಫೃಗಾಲನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಮಾಲೀಕರು ಸ್ಟೇಷನ್‌ವರೆಗೆ ಕಾರಿನಲ್ಲಿ ಬಿಟ್ಟರು. ನಾನೂ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಅವರು ನನ್ನನ್ನು ಅಪ್ಪಿಕೊಂಡಾಗ ಕೋಟಿನಿಂದಲೂ ಯೀಸ್ಟಿನ ವಾಸನೆ ಬರುತ್ತಿತ್ತು. ರೈಲು ಹೋದ ಮೇಲೆ ಮಾಲೀಕರು, "ಆ ಪಿಯರ್ ಕೇಕ್ ನೀನು ಕಲಿತಿದ್ದೀಯಾ?" ಎಂದು ಕೇಳಿದರು. ಇಲ್ಲ ಎಂದೆ. ನೋಡಿ ನೋಡಿ ಕಲಿತಿದ್ದೆ, ಆದರೂ ಇಲ್ಲ ಎಂದೆ.

ಈಗ ಎರಡು ವಾರಕ್ಕೊಮ್ಮೆ ಭಾನುವಾರ ಫೋನು ಮಾಡುತ್ತಾರೆ. ಮೊದಮೊದಲು ಅವರ ದನಿಯಲ್ಲಿ ಉತ್ಸಾಹ ಇತ್ತು. ಬೆಟ್ಟ ಹಾಗೇ ಇದೆ, ಯಾರದೋ ಹಿತ್ತಲಿನಲ್ಲಿ ಇನ್ನೂ ಒಂದು ಗೂಡು ಉಳಿದಿದೆ, ಹಣ್ಣು ಒಣಗಿಸಲು ತಮಗೂ ಜಾಗ ಕೊಟ್ಟರು ಎಂದೆಲ್ಲ ಹೇಳಿದರು. ಚಳಿಗಾಲದ ಹೊತ್ತಿಗೆ ಮಾತು ಬೇರೆಯಾಯಿತು.

"ಅಂಗಡಿಗೆ ಹೋದರೆ ನನ್ನನ್ನ ಏನಂತಾರೆ ಗೊತ್ತಾ? ಜರ್ಮನಿಯಾಕೆ ಬಂದಳು ಅಂತಾರೆ. ನಾನು ಮಾತಾಡೋದರಲ್ಲಿ ಜರ್ಮನ್ ವಾಸನೆ ಇದೆಯಂತೆ."

"ನೀವೇನು ಹೇಳ್ತೀರಿ?"

"ಏನು ಹೇಳಲಿ? ಇಪ್ಪತ್ತೈದು ವರ್ಷ ಇದ್ದೆ ಅಲ್ಲವಾ. ತಂಗಿ ಹೇಳ್ತಾಳೆ, ನಾನು ಸೋಂಪು ಜಾಸ್ತಿ ಹಾಕ್ತೀನಂತೆ, ಅಮ್ಮ ಅಷ್ಟು ಹಾಕ್ತಾ ಇರಲಿಲ್ಲವಂತೆ. ಅದಕ್ಕೊಂದು ಜಗಳ ಆಯ್ತು ನಮಗೆ." ಆಮೇಲೆ, "ಆ ಕಾಲುವೆ ನೆನಪಾಗುತ್ತೆ. ಹೇಳಿದರೆ ನೀನು ನಂಬೋದಿಲ್ಲ" ಎಂದರು.

ನಂಬುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕಡೆ ಬಾಗಿಲು ತಟ್ಟಿದ ಸದ್ದು, ಯಾರೋ ಹೆಂಗಸಿನ ದನಿ. ಒಂದು ನಿಮಿಷ ಇರು ಎಂದು ಫೋನನ್ನು ಎಲ್ಲೋ ಇಟ್ಟರು. ಅವರಿಬ್ಬರೂ ಮಾತಿಗೆ ನಿಂತರು. ನನಗೆ ಒಂದು ಪದವೂ ತಿಳಿಯಲಿಲ್ಲ. ಆದರೂ ಅವರ ದನಿ ಬೇಕರಿಯಲ್ಲಿ ಎಂದೂ ಇಲ್ಲದ ಹಾಗೆ ಏರಿಳಿಯುತ್ತ, ನಗುತ್ತ, ಯಾರನ್ನೋ ಗದರುತ್ತ ಹರಿಯುತ್ತಿತ್ತು. ಒಂದು ನಿಮಿಷ ಹತ್ತಾಯಿತು. ನನ್ನನ್ನು ಮರೆತಿದ್ದರು. ನಾನು ಅಡಿಗೆಮನೆಯ ಕಿಟಕಿಗೆ ಒರಗಿ, ಫೋನನ್ನು ಕಿವಿಗೆ ಒತ್ತಿಕೊಂಡು, ಕೇಳುತ್ತಲೇ ನಿಂತಿದ್ದೆ.